ಒಂದು ಸುತ್ತು, ಒಂದು ತೂತು: ಚಾಕು ಕೆಲಸಕ್ಕೆ ತಂದ 4 ಇಂಚಿನ ಕ್ರಾಸ್ ವೈಸ್

ವಾಪಸು ಬಂದ ಒಂದು ಚಾಕುವಿನಿಂದ ಶುರು ಮಾಡುತ್ತೇನೆ. ಈ ವೈಸನ್ನು, ಅಂದರೆ ತೂತು ಹಾಕುವಾಗ ತುಂಡನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆಯನ್ನು, ನಾನು ಕೊಂಡದ್ದೇ ಅದರ ದೆಸೆಯಿಂದ.

ಬಸವನಗುಡಿಯಲ್ಲಿ ಒಬ್ಬರು ಗಿರಾಕಿ ಇದ್ದಾರೆ. ಪ್ರತಿ ಬೇಸಿಗೆಯಲ್ಲೂ ಭರಣಿಗಟ್ಟಲೆ ಮಾವಿನಕಾಯಿ ಉಪ್ಪಿನಕಾಯಿ ಹಾಕಿ ನೆಂಟರಿಷ್ಟರಿಗೆಲ್ಲ ಹಂಚುವವರು. ವಾಟೆ ಸಮೇತ ಕಾಯಿ ಸೀಳುವುದಕ್ಕೆ ದಪ್ಪ ಬೆನ್ನಿನ ಚಾಕು ಬೇಕು ಅಂದರು. 4 ಎಂಎಂ ದಪ್ಪದ ಇಎನ್ 31 ಪಟ್ಟಿಯಲ್ಲಿ ಮಾಡಿಕೊಟ್ಟಿದ್ದೆ. ಐದು ತಿಂಗಳಾದ ಮೇಲೆ ಫೋನ್ ಬಂತು. "ಹರಿತ ಚೆನ್ನಾಗೇ ಇದೆ ಕಣಮ್ಮಾ. ಆದ್ರೆ ಆ ಹಿತ್ತಾಳೆ ಬುಡದಲ್ಲಿ ಏನೋ ಕಪ್ಪು ನೀರು ಇಳಿಯುತ್ತೆ. ಹೋಳೆಲ್ಲ ಕಬ್ಬಿಣದ ವಾಸನೆ."

ಅವತ್ತೇ ಹೋಗಿ ತಂದೆ. ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿದಾಗ ಎಲ್ಲ ಗೊತ್ತಾಯಿತು. ಅಲಗು ಮುಗಿದು ಹಿಡಿ ಶುರುವಾಗುವ ಕಡೆ ಒಂದು ಹಿತ್ತಾಳೆ ತುಂಡು ಕೂರುತ್ತೆ. ಹಳ್ಳಿ ಕತ್ತಿಗೆ ಕಬ್ಬಿಣದ ಬಳೆ ಹಾಕುತ್ತಾರಲ್ಲ, ಆ ಜಾಗ. ನಾವು ಬೋಲ್‌ಸ್ಟರ್ ಅನ್ನುತ್ತೇವೆ. ಆ ಹಿತ್ತಾಳೆಗೂ ಉಕ್ಕಿಗೂ ನಡುವೆ ಕೂದಲಿನಷ್ಟು ಕಪ್ಪು ಗೆರೆ. ಎಡಗಡೆ ಫೀಲರ್ ಗೇಜಿನ, ಅಂದರೆ ಸಂದಿ ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟಿನ, 0.3 ಎಂಎಂ ಎಲೆ ಸಲೀಸಾಗಿ ಒಳಗೆ ಹೋಯಿತು. ಸಂದಿಗೆ ತುಂಬಿದ್ದ ಎಪಾಕ್ಸಿ ಅಂಟು ಎದ್ದು ಬಂದಿತ್ತು. ಮಾವಿನಕಾಯಿ ಹುಳಿ, ಉಪ್ಪು, ನೀರು ಎಲ್ಲ ಒಳಗೆ ಇಳಿದು ಟ್ಯಾಂಗನ್ನು, ಅಂದರೆ ಹಿಡಿಯೊಳಗೆ ಕೂರುವ ಬಾಲವನ್ನು, ತಿನ್ನುತ್ತಿತ್ತು. ಇಎನ್ 31 ಬೇರಿಂಗಿನ ಉಕ್ಕು. ಸುಮಾರು ಶೇಕಡ 1 ಕಾರ್ಬನ್, ಕ್ರೋಮಿಯಂ ಶೇಕಡ ಒಂದರಿಂದ ಒಂದೂವರೆ. ಹರಿತ ನಿಲ್ಲುವುದಕ್ಕೆ ಬಹಳ ಒಳ್ಳೆಯದು, ಆದರೆ ಸ್ಟೇನ್‌ಲೆಸ್ ಅಲ್ಲ. ಒರೆಸಿಡದಿದ್ದರೆ ಒಂದು ರಾತ್ರಿಗೇ ತುಕ್ಕು ಹಿಡಿಯುತ್ತೆ. ಸಂದಿಯೊಳಗೆ ಒರೆಸುವುದು ಹೇಗೆ?

ತಪ್ಪು ನನ್ನದೇ. ಟ್ಯಾಂಗ್ ತೂರುವ ಬೋಲ್‌ಸ್ಟರಿನ ಸೀಳನ್ನು ನಾನು ಆಗ ಮಾಡುತ್ತಿದ್ದದ್ದು ಹೀಗೆ: 12 ಎಂಎಂ ದಪ್ಪದ ಹಿತ್ತಾಳೆ ತುಂಡಿನ ಮೇಲೆ ಗೆರೆ ಎಳೆದು, ಸಾಲಾಗಿ ಸೆಂಟರ್ ಪಂಚ್ ಹೊಡೆದು (ತೂತಿನ ಗುರುತಿಗೆ ಸಣ್ಣ ಗುಳಿ), ಮಾಮೂಲಿ ಡ್ರಿಲ್ ವೈಸಿನಲ್ಲಿ ಹಿಡಿದು, ಕೈಯಿಂದ ಜರುಗಿಸಿ ಜರುಗಿಸಿ ಆರು ತೂತು ಹಾಕಿ, ಮಧ್ಯದ ಗೋಡೆಗಳನ್ನು ಅರದಿಂದ ಉಜ್ಜಿ ತೆಗೆಯುವುದು. ಪಂಚು ಅರ್ಧ ಎಂಎಂ ಆಚೀಚೆ ಬಿದ್ದರೆ ತೂತೂ ಅಷ್ಟೇ ಆಚೀಚೆ. ಸಾಲು ಸೊಟ್ಟ. ಸೊಟ್ಟವನ್ನು ನೇರ ಮಾಡಲು ಹೋದರೆ ಸೀಳು 4 ಎಂಎಂ ಇರಬೇಕಾದದ್ದು 4.6 ಆಗುತ್ತೆ. ಮೂರು ಗಂಟೆ ಅರ ಹಿಡಿದು ಕೂತು ಕೊನೆಗೆ ಎಪಾಕ್ಸಿ ತುಂಬಿ ಮುಚ್ಚಿದ್ದೆ.

ಮಧ್ಯೆ ಒಂದಷ್ಟು ದಿನ ಇಲ್ಲೇ ಕಾಮಾಕ್ಷಿಪಾಳ್ಯದಲ್ಲಿ ಮಿಲ್ಲಿಂಗ್ ಜಾಬ್ ವರ್ಕಿಗೆ, ಅಂದರೆ ತಿರುಗುವ ಕಟ್ಟರಿನಲ್ಲಿ ಸೀಳು ಕೊರೆಸಲು, ಕೊಟ್ಟೆ. ಸೀಳೊಂದಕ್ಕೆ 200 ರೂಪಾಯಿ. ಕೆಲಸ ಚೊಕ್ಕವಾಗಿತ್ತು. ಆದರೆ ನಾಲ್ಕು ಪೀಸು ತಂದವಳಿಗಾಗಿ ಅವರು ಸಾವಿರ ಪೀಸಿನ ಸೆಟ್ಟಿಂಗ್ ಬಿಚ್ಚಬೇಕಲ್ಲ, ಹಾಗಾಗಿ ವಾರ, ಹತ್ತು ದಿನ ಕಾಯಬೇಕಿತ್ತು. ಅವರನ್ನು ದೂರುವುದಕ್ಕಾಗುವುದಿಲ್ಲ.

ನಮ್ಮ ಟೆರೇಸಿನ ಮೇಲಿನ ತಗಡಿನ ಶೆಡ್ಡು 10 ಅಡಿಗೆ 12 ಅಡಿ. ಮಿಲ್ಲಿಂಗ್ ಮಿಷಿನ್ ಅಲ್ಲಿಗೆ ಹತ್ತುವುದೂ ಇಲ್ಲ, ಅದಕ್ಕೆ ದುಡ್ಡೂ ಇಲ್ಲ. ಇರುವುದು ಒಂದು ಬೆಲ್ಟ್ ಗ್ರೈಂಡರ್, ಒಂದು ಬೆಂಚ್ ವೈಸ್, ಒಂದು 13 ಎಂಎಂ ಬೆಂಚ್ ಡ್ರಿಲ್ಲಿಂಗ್ ಮಿಷಿನ್. ಆ ಡ್ರಿಲ್ಲಿನ ಮೇಲೆ ಕೂರಿಸುವ ಕ್ರಾಸ್ ವೈಸ್ ತರೋಣ ಅಂತ 14 ತಿಂಗಳ ಹಿಂದೆ ಎಸ್.ಪಿ. ರೋಡಿಗೆ ಹೊರಟೆ.

ಕ್ರಾಸ್ ವೈಸ್ ನೋಡದವರಿಗೆ ಒಂದು ಮಾತು. ಮಾಮೂಲಿ ಡ್ರಿಲ್ ವೈಸಿನ ಕೆಳಗೆ ಒಂದರ ಮೇಲೊಂದು ಎರಡು ಜಾರುಮಣೆ, ಅಂದರೆ ಸ್ಲೈಡು, ಇಟ್ಟ ಹಾಗೆ. ಒಂದು ಹ್ಯಾಂಡಲ್ ತಿರುಗಿಸಿದರೆ ಹಿಡಿದ ಕೆಲಸ (ತೂತು ಹಾಕಬೇಕಾದ ತುಂಡನ್ನು ನಾವು ಹಾಗೇ ಅನ್ನುವುದು) ಎಡ ಬಲಕ್ಕೆ ಹೋಗುತ್ತೆ, ಇನ್ನೊಂದು ತಿರುಗಿಸಿದರೆ ಹಿಂದೆ ಮುಂದೆ. ಮೂರನೆಯದು ದವಡೆ ಬಿಗಿಯುವುದಕ್ಕೆ. ಬಿಟ್ ಇದ್ದಲ್ಲೇ ಇರುತ್ತೆ, ಕೆಲಸ ಬಿಟ್ಟಿನ ಕೆಳಗೆ ಬಂದು ನಿಲ್ಲುತ್ತೆ.

ಟೌನ್‌ಹಾಲ್ ಹತ್ತಿರ ಬಸ್ಸಿಳಿದು ಒಳಗೆ ನಡೆದರೆ ಎಸ್.ಪಿ. ರೋಡ್. ಕಂಪ್ಯೂಟರ್ ಸಾಮಾನಿಗೆ ಅಂತ ಹೋಗುವವರೇ ಜಾಸ್ತಿ. ಆದರೆ ಬೋಲ್ಟು, ಬೇರಿಂಗು, ಟೂಲ್ಸಿನ ಅಂಗಡಿಗಳೂ ಅಲ್ಲಿ ಸಾಲುಸಾಲು. ಮೂರು ಅಂಗಡಿ ಹತ್ತಿ ಇಳಿದೆ. ನಾಲ್ಕನೆಯದರಲ್ಲಿ 4 ಇಂಚಿನದು ಇತ್ತು. ಹಸಿರು ಬಣ್ಣ, ಮೈಮೇಲೆ ಕಂಪನಿಯ ಹೆಸರಿಲ್ಲ, ಎರಕದಲ್ಲಿ ಸೈಜು ಮಾತ್ರ ಎದ್ದಿದೆ. 4,800 ಹೇಳಿದರು, 4,200ಕ್ಕೆ ಕೊಟ್ಟರು.

"ಇದ್ರಲ್ಲಿ ಮಿಲ್ಲಿಂಗೂ ಆಗುತ್ತೆ ಮೇಡಂ. ಚಕ್ಕಿಗೆ ಎಂಡ್ ಮಿಲ್ ಕಚ್ಚಿಸಿ ಹ್ಯಾಂಡಲ್ ತಿರುಗ್ಸಿ, ಅಷ್ಟೇ."

"ಆಗುತ್ತಾ ಅಣ್ಣಾ? ಡ್ರಿಲ್ ಮಿಷಿನ್ನಲ್ಲಿ?"

"ಎಲ್ರೂ ಮಾಡ್ತಾರೆ."

ಚಕ್ ಅಂದರೆ ಡ್ರಿಲ್ಲಿನಲ್ಲಿ ಬಿಟ್ ಕಚ್ಚಿ ಹಿಡಿಯುವ ಬಾಯಿ, ಎಂಡ್ ಮಿಲ್ ಅಂದರೆ ಪಕ್ಕಕ್ಕೂ ಕೊರೆಯುವ ಕಟ್ಟರ್. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ. ವೈಸು 8 ಕಿಲೋ ಮೇಲಿದೆ. ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ಮಾರ್ಕೆಟ್ಟಿಗೆ ನಡೆದು ಮಾಗಡಿ ರೋಡ್ ಬಸ್ ಹತ್ತಿದೆ. ನನಗೆ ಶಕ್ತಿ ಯೋಜನೆಯ ಟಿಕೆಟ್ಟು. ಕಂಡಕ್ಟರು ಚೀಲದ ಭಾರ ನೋಡಿ ಎದ್ದು ಬಂದು ತಾವೇ ಸೀಟಿನ ಕೆಳಗೆ ತಳ್ಳಿಕೊಟ್ಟರು.

ಮನೆಗೆ ಬಂದ ಮೇಲೆ ಮೊದಲ ನಿರಾಸೆ. ಹ್ಯಾಂಡಲ್ ತಿರುಗಿಸಿದರೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಸಡಿಲ ಇರುವ ಕಡೆ ದವಡೆಯನ್ನು ಎರಡು ಕೈಯಲ್ಲಿ ಹಿಡಿದು ಅಲುಗಿಸಿದರೆ ಕಟಕಟ ಅನ್ನುತ್ತೆ. ಡಯಲ್ ಗೇಜ್ ಇಟ್ಟು ನೋಡಿದೆ. ಹ್ಯಾಂಡಲನ್ನು ಉಲ್ಟಾ ತಿರುಗಿಸಿದಾಗ ಹ್ಯಾಂಡಲ್ಲಿನ ಡಯಲಿನಲ್ಲಿ ಐದು ಗೀಟು ಹೋದ ಮೇಲೇ ಸ್ಲೈಡು ಕದಲಿದ್ದು. ಒಂದು ಗೀಟು 0.1 ಎಂಎಂ, ಅಂದರೆ ಅರ್ಧ ಎಂಎಂ ಆಟ. ಕೆಳಗಿನ ಮನೆಯಲ್ಲಿ ಲೇತ್ ಇಟ್ಟುಕೊಂಡಿರುವ ಯಜಮಾನರಿಗೆ ತೋರಿಸಿದೆ. ಅವರದು ಹಳೇ ಎಚ್‌ಎಂಟಿ ಎನ್‌ಎಚ್ 22. ಅದರ ಸ್ಲೈಡನ್ನು ಒಂದು ಬೆರಳಲ್ಲಿ ಓಡಿಸುತ್ತಾರೆ. ವೈಸನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದರು: "ಇದು ಎರಕ ಹುಯ್ದು ಬಣ್ಣ ಬಳಿದು ಕಳಿಸಿರೋದು. ಇನ್ನೂ ಕೆಲಸ ಮುಗಿದಿಲ್ಲ. ಮುಗಿಸ್ಕೋ ನೀನೇ."

ಈ ವೈಸಿನ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದೂ ಅದೇ ಮಾತು. 4,200 ರೂಪಾಯಿಗೆ ನಿಮಗೆ ಸಿಗುವುದು ಮುಕ್ಕಾಲು ವೈಸ್. ಉಳಿದ ಕಾಲುಭಾಗ ನಿಮ್ಮ ಎರಡು ಸಂಜೆ.

ಪೂರ್ತಿ ಬಿಚ್ಚಿದೆ. ಸ್ಲೈಡು ಜಾರುವ ಓರೆ ಅಂಚಿನ ದಾರಿಯ, ಅಂದರೆ ಡವ್‌ಟೇಲಿನ, ಒಳಮೂಲೆಯಲ್ಲಿ ಹಸಿರು ಬಣ್ಣ ಗಟ್ಟಿಯಾಗಿ ಕೂತಿತ್ತು. ಸ್ಕ್ರೂ ಹಾದುಹೋಗುವ ಗುಂಡಿಯಲ್ಲಿ ಎರಕದ ಮರಳು. ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ತೊಳೆದರೆ ತಟ್ಟೆಯ ತಳದಲ್ಲಿ ಎರಡು ಚಮಚದಷ್ಟು ಮರಳು, ಕಬ್ಬಿಣದ ಪುಡಿ ನಿಂತಿತು. ಇಷ್ಟು ಅರೆಯುವ ಪದಾರ್ಥವನ್ನು ಒಳಗಿಟ್ಟುಕೊಂಡು ಹ್ಯಾಂಡಲ್ ತಿರುಗಿಸುತ್ತಿದ್ದರೆ ಆರು ತಿಂಗಳಲ್ಲಿ ಸ್ಕ್ರೂ ಸವೆದುಹೋಗುತ್ತಿತ್ತು. ಅಂಚುಗಳಲ್ಲಿ ಎದ್ದಿದ್ದ ಚೂಪು ಮುಳ್ಳುಗಳನ್ನು ಸಣ್ಣ ಅರದಿಂದ ಎಳೆದು ತೆಗೆದೆ. ಆಮೇಲೆ ಸ್ಲೈಡಿನ ಮುಖಕ್ಕೆ ತೆಳ್ಳಗೆ ಮಾರ್ಕಿಂಗ್ ಬ್ಲೂ ಸವರಿ, ಕೂಡಿಸಿ, ನಾಲ್ಕು ಸಲ ಹಿಂದೆ ಮುಂದೆ ಆಡಿಸಿ, ಮತ್ತೆ ಬಿಚ್ಚಿ ನೋಡಿದೆ. ನೀಲಿ ಅಂಟಿದ ಕಡೆ ಉಬ್ಬಿದೆ ಅಂತ ಅರ್ಥ. ಮೂರು ಕಡೆ ಮಾತ್ರ ಅಂಟಿತ್ತು. ಗಾಜಿನ ಮೇಲೆ ಎಮೆರಿ ಹಾಳೆ ಅಂಟಿಸಿಕೊಂಡು ಉಜ್ಜುತ್ತಾ, ಮತ್ತೆ ನೀಲಿ ಸವರುತ್ತಾ, ಎರಡನೇ ಸಂಜೆ ಒಂಬತ್ತೂವರೆ ಹೊತ್ತಿಗೆ ಮುಕ್ಕಾಲುಪಾಲು ಮುಖ ನೀಲಿ ಹಿಡಿಯಿತು.

ಇನ್ನು ಜಿಬ್. ಸ್ಲೈಡಿನ ಒಂದು ಪಕ್ಕ ತೂರಿಸಿರುವ ತೆಳು ಪಟ್ಟಿ ಅದು. ಹೊರಗಿನಿಂದ ಮೂರು ಗ್ರಬ್ ಸ್ಕ್ರೂ ಅದನ್ನು ಒತ್ತಿ ಹಿಡಿದಿರುತ್ತವೆ. ಅಲುಗಾಟ ತೆಗೆಯುವ ಜಾಗ ಇದೇ. ನನ್ನದರಲ್ಲಿ ಪಟ್ಟಿ ಬಿಲ್ಲಿನ ಹಾಗೆ ಬಾಗಿತ್ತು, ಮೆಲ್ಲಗೆ ತಟ್ಟಿ ನೇರ ಮಾಡಿದೆ. ಅಲೆನ್ ಕೀಯಲ್ಲಿ ಮಧ್ಯದ್ದನ್ನು ಮೊದಲು, ಆಮೇಲೆ ಆಚೀಚಿನದನ್ನು, ಸ್ಲೈಡ್ ತುಸು ತಡೆದ ಹಾಗೆ ಅನ್ನಿಸುವ ತನಕ ಬಿಗಿದು, ಲಾಕ್ ನಟ್ ಹಾಕಿದೆ. ಕಟಕಟ ಹೋಯಿತು. ಒಂದು ವಿಷಯ ಇಲ್ಲಿ ಗೊಂದಲ ಆಗಬಾರದು. ಪಕ್ಕಕ್ಕೆ ಅಲುಗುವುದು ಜಿಬ್ಬಿನಿಂದ ಹೋಗುತ್ತೆ, ಸ್ಕ್ರೂ ಮತ್ತು ನಟ್ಟಿನ ನಡುವಿನ ಅರ್ಧ ಎಂಎಂ ಆಟ ಹೋಗುವುದಿಲ್ಲ. ಅದು ಇವತ್ತಿಗೂ ಇದೆ. ಅದನ್ನು ತಿದ್ದಬೇಕಿಲ್ಲ, ಅದಿದೆ ಅಂತ ತಿಳಿದು ಕೆಲಸ ಮಾಡಿದರೆ ಆಯಿತು.

ಡ್ರಿಲ್ಲಿನ ಟೇಬಲ್ಲಿಗೆ ಕೂರಿಸುವುದು ಮತ್ತೊಂದು ಕಥೆ. ವೈಸಿನ ಕಿವಿಗಳ ತೂತಿಗೂ ಟೇಬಲ್ಲಿನ ಸೀಳಿಗೂ ತಾಳೆಯೇ ಇಲ್ಲ. ಒಂದು ಬೋಲ್ಟ್ ಕೂತರೆ ಇನ್ನೊಂದಕ್ಕೆ ಕೆಳಗೆ ಬರೀ ಕಬ್ಬಿಣ. ಕೊನೆಗೆ ಟೇಬಲ್ಲಿಗೇ ಎರಡು 10 ಎಂಎಂ ತೂತು ಹಾಕಿ ಬಿಗಿದೆ. ಅದಕ್ಕೆ ಮುಂಚೆ ಟೇಬಲ್ ಸ್ಪಿಂಡಲ್ಲಿಗೆ, ಅಂದರೆ ಚಕ್ಕನ್ನು ತಿರುಗಿಸುವ ದಂಡಕ್ಕೆ, ಲಂಬವಾಗಿದೆಯಾ ಅಂತ ನೋಡಬೇಕು. ನನ್ನ ವಿಧಾನ ಸೈಕಲ್ ಕಡ್ಡಿ. ಕಡ್ಡಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ ಚಕ್ಕಿಗೆ ಕಚ್ಚಿಸಿ, ಕೈಯಲ್ಲಿ ಚಕ್ ತಿರುಗಿಸುತ್ತಾ, ಕಡ್ಡಿಯ ತುದಿಗೂ ಟೇಬಲ್ಲಿಗೂ ನಡುವಿನ ಸಂದಿಯನ್ನು ನಾಲ್ಕೂ ದಿಕ್ಕಿಗೆ ಫೀಲರ್ ಗೇಜಿನಲ್ಲಿ ಅಳೆಯುವುದು. ಮಿಷಿನ್ನಿನ ಪ್ಲಗ್ ಕಿತ್ತಿಟ್ಟೇ ಮಾಡಬೇಕು. ಎಡ ಬಲಕ್ಕೆ ವ್ಯತ್ಯಾಸ ಇತ್ತು, ಟೇಬಲ್ ತಿರುಪಿ ಸರಿ ಮಾಡಿದೆ. ಹಿಂದೆ ಮುಂದಿನದು ಹಾಗೆ ತಿರುಪಿದರೆ ಹೋಗುವುದಿಲ್ಲ, ವೈಸಿನ ಕೆಳಗೆ ತೆಳು ತಗಡು ಕೊಟ್ಟೆ.

ಈಗ ನಿಜವಾದ ಕೆಲಸಕ್ಕೆ ಬರೋಣ.

ನನ್ನ ವೈಸಿನ ಸ್ಕ್ರೂ ಒಂದು ಸುತ್ತು ತಿರುಗಿದರೆ ಸ್ಲೈಡು ಸರಿಯಾಗಿ 4 ಎಂಎಂ ಹೋಗುತ್ತೆ. ಬೋಲ್‌ಸ್ಟರಿನ ಸೀಳು 4 ಎಂಎಂ ಅಗಲ, 24 ಎಂಎಂ ಉದ್ದ. ಬಿಟ್ 3.8 ಎಂಎಂ. ಹಾಗಾದರೆ ಒಂದು ತೂತು ಹಾಕು, ಹ್ಯಾಂಡಲ್ ಒಂದು ಪೂರ್ತಿ ಸುತ್ತು ತಿರುಗಿಸು, ಇನ್ನೊಂದು ಹಾಕು. ಐದು ಸುತ್ತು, ಆರು ತೂತು. ಎರಡು ತೂತಿನ ನಡುವೆ 0.2 ಎಂಎಂ ಗೋಡೆ ಮಾತ್ರ ಉಳಿಯುತ್ತೆ. ಮೊದಲ ತೂತಿನ ಅಂಚಿನಿಂದ ಕೊನೆಯದರ ಅಂಚಿಗೆ 23.8. ಡಯಲ್ ಓದುವ ಗೋಜೇ ಇಲ್ಲ, ಹ್ಯಾಂಡಲ್ಲಿನ ಹಿಡಿಕೆ ಮತ್ತೆ ಮೇಲಕ್ಕೆ ಬಂತು ಅಂದರೆ ಒಂದು ಸುತ್ತು. ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸುವುದರಿಂದ ಆ ಅರ್ಧ ಎಂಎಂ ಆಟವೂ ಲೆಕ್ಕಕ್ಕೆ ಬರುವುದಿಲ್ಲ, ಸ್ಕ್ರೂ ಸದಾ ನಟ್ಟಿನ ಒಂದೇ ಗೋಡೆಗೆ ಒತ್ತಿಕೊಂಡಿರುತ್ತೆ. ಕೊಳ್ಳುವಾಗ ನನಗೆ ಇದು ಗೊತ್ತಿರಲಿಲ್ಲ. ಮೊದಲ ಸಲ ವರ್ನಿಯರ್ ಹಿಡಿದು ಅಳೆದಾಗ ಆದ ಸಂತೋಷ ಹೇಳಲಾರೆ.

ನೇರವಾಗಿ 3.8 ಹಾಕಬೇಡಿ. ಗೋಡೆ ಅಷ್ಟು ತೆಳು ಇರುವಾಗ ಬಿಟ್ಟಿನ ಮೂಗು ಪಕ್ಕದ ತೂತಿನ ಕಡೆ ಜಾರಿಬಿಡುತ್ತೆ. ನಾನು ಎರಡು ಸಾರಿ ಹೋಗುತ್ತೇನೆ. ಮೊದಲು ಚಕ್ಕಿನಲ್ಲಿ ಸಣ್ಣ ಸೆಂಟರ್ ಡ್ರಿಲ್. ಹಿಂದೆ ಮುಂದೆ ಹೋಗುವ ಸ್ಲೈಡಿನ ಜಿಬ್ ಸ್ಕ್ರೂ ಒಂದನ್ನು ಬಿಗಿದು ಅದು ಕದಲದ ಹಾಗೆ ಮಾಡಿ, ಆರೂ ಕಡೆ ಬರೀ ಗುಳಿ. ಆಮೇಲೆ ಹ್ಯಾಂಡಲನ್ನು ಉಲ್ಟಾ ತಿರುಗಿಸಿ ಮೊದಲ ಜಾಗಕ್ಕಿಂತ ಇನ್ನೊಂದು ಸುತ್ತು ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬಂದು ಸೊನ್ನೆಗೆ ನಿಲ್ಲಿಸಿ, 3.8ರ ಬಿಟ್ ಹಾಕಿ ಎರಡನೇ ಸಾರಿ. ಹಿಂದಕ್ಕೆ ಹೋಗಿ ಮುಂದಕ್ಕೆ ಬರುವ ಆ ಒಂದು ಸುತ್ತನ್ನು ಮರೆತರೆ ತೂತೆಲ್ಲ ಅರ್ಧ ಎಂಎಂ ಪಕ್ಕಕ್ಕೆ. ಒಂದು ಸಲ ಮರೆತು ಹಿತ್ತಾಳೆ ತುಂಡೊಂದು ಗುಜರಿಗೆ ಹೋಯಿತು.

ಹಿತ್ತಾಳೆಯ ಬಗ್ಗೆ ಹೇಳಲೇಬೇಕು. ಅದು ಬಿಟ್ಟನ್ನು ಒಳಕ್ಕೆ ಎಳೆದುಕೊಳ್ಳುತ್ತೆ. ಇನ್ನೇನು ಆಚೆ ಬರಬೇಕು ಅನ್ನುವಾಗ ಬಿಟ್ ಸ್ಕ್ರೂ ಥರ ತಾನೇ ಇಳಿದು ತುಂಡನ್ನು ಹಿಡಿದು ಫ್ಯಾನಿನ ಹಾಗೆ ತಿರುಗಿಸಿಬಿಡುತ್ತೆ. ಕೈಯಲ್ಲಿ ಹಿಡಿದು ಹಿತ್ತಾಳೆಗೆ ತೂತು ಹಾಕುವವರನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತೆ. ಮದ್ದು ಸುಲಭ: ಬಿಟ್ಟಿನ ಎರಡೂ ಕತ್ತರಿಸುವ ಅಂಚಿನ ಮುಂಬದಿಗೆ ಸಣ್ಣ ಸಾಣೆಕಲ್ಲಲ್ಲಿ ಎರಡು ಸಲ ಉಜ್ಜಿ, ಕೂದಲಿನಷ್ಟು ನೇರ ಮುಖ ಮಾಡುವುದು. ಆಗ ಅಂಚು ಅಗೆಯುವುದಿಲ್ಲ, ಹೆರೆಯುತ್ತೆ. ಹಿತ್ತಾಳೆಗೆ ಅಂತಲೇ ಹೀಗೆ ಮಾಡಿದ ಬಿಟ್ಟುಗಳನ್ನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಗ್ಲೌಸ್ ಹಾಕಬೇಡಿ, ಬಿಟ್ ಗ್ಲೌಸನ್ನು ಹಿಡಿದರೆ ಬೆರಳೂ ಅದರ ಹಿಂದೆ ಹೋಗುತ್ತೆ. ಜಡೆ ಕಟ್ಟಿ ಒಳಗೆ ಸೇರಿಸಿ, ದುಪಟ್ಟಾ ಬಾಗಿಲ ಹೊರಗಿನ ಮೊಳೆಗೆ ಹಾಕಿಯೇ ನಾನು ಶೆಡ್ಡಿಗೆ ಕಾಲಿಡುವುದು.

ತೂತಾದ ಮೇಲೆ ಸಣ್ಣ ಗುಂಡು ಅರದಿಂದ ಗೋಡೆ ಮುರಿದು, ಪಕ್ಕದಲ್ಲಿ ಹಲ್ಲಿಲ್ಲದ ಚಪ್ಪಟೆ ಅರದಿಂದ ಪ್ರತಿ ಬದಿಗೂ 0.1 ಎಂಎಂ ತೆಗೆಯುವುದಷ್ಟೇ ಉಳಿಯುತ್ತೆ. ಸಾಲು ನೇರ ಇರುವುದರಿಂದ ಅರಕ್ಕೆ ದಾರಿ ಗೊತ್ತಿರುತ್ತೆ. ಟ್ಯಾಂಗನ್ನು ತೂರಿಸಿ ನೋಡುತ್ತಾ, ಎರಡು ಎಳೆತ, ಮತ್ತೆ ತೂರಿಸಿ, ಮತ್ತೆ ಎರಡು ಎಳೆತ. ಮೂರು ಗಂಟೆ ಹಿಡಿಯುತ್ತಿದ್ದ ಕೆಲಸ ಈಗ 50 ನಿಮಿಷ. ಬಸವನಗುಡಿಯವರ ಚಾಕುವಿಗೆ ಹಿಡಿ ಒಡೆದು, ತುಕ್ಕು ತೆಗೆದು, ಹೊಸ ಬೋಲ್‌ಸ್ಟರ್ ಹೀಗೇ ಮಾಡಿ ಕೂರಿಸಿದೆ. 0.05ರ ಫೀಲರ್ ಎಲೆ ಎಲ್ಲೂ ಹೋಗಲಿಲ್ಲ. ಅದಾದ ಮೇಲೆ ಒಂದು ಮಾವಿನಕಾಯಿ ಕಾಲ ಕಳೆದಿದೆ, ಗೆರೆ ಬಂದಿಲ್ಲ ಅಂತ ಅವರೇ ಹೇಳಿದರು.

ಈಗ ಮಿಲ್ಲಿಂಗಿನ ಕಥೆ. ಮೂರನೇ ತಿಂಗಳು ನನಗೆ ಆ ಅಂಗಡಿಯವರ ಮಾತು ನೆನಪಾಯಿತು. ಸಾಲು ತೂತು ಹಾಕಿದ ಮೇಲೆ ಅರ ಯಾಕೆ, 4 ಎಂಎಂ ಎಂಡ್ ಮಿಲ್ಲನ್ನೇ ಆ ದಾರಿಯಲ್ಲಿ ಓಡಿಸಿದರೆ ಆಯಿತಲ್ಲ ಅಂದುಕೊಂಡೆ. ಕಟ್ಟರ್ ತಂದು ಚಕ್ಕಿಗೆ ಕಚ್ಚಿಸಿ ಮೆಲ್ಲಗೆ ಹ್ಯಾಂಡಲ್ ತಿರುಗಿಸಿದೆ. ಮೊದಲ 10 ಎಂಎಂ ಬೆಣ್ಣೆ. ಆಮೇಲೆ ಮಿಷಿನ್ನಿನ ದನಿ ಬದಲಾಯಿತು. ಒಂದೇ ಸಮ ಇದ್ದದ್ದು ನಡುಗುವ ಕೂಗಾಯಿತು. ನಿಲ್ಲಿಸಬೇಕಿತ್ತು, ಇನ್ನು ಸ್ವಲ್ಪವೇ ಇದೆ ಅಂತ ತಿರುಗಿಸಿದೆ. ಚಕ್ಕು ಸ್ಪಿಂಡಲ್ಲಿನಿಂದ ಕಳಚಿ, ತಿರುಗುತ್ತಲೇ, ಕೆಳಗೆ ಬಿತ್ತು. ಕಟ್ಟರ್ ಹಿತ್ತಾಳೆಯೊಳಗೆ ಮುರಿಯಿತು, ಚಕ್ಕು ವೈಸಿನ ದವಡೆಗೆ ಬಡಿದು ನೆಲಕ್ಕೆ ಉರುಳಿತು. ನಾನು ಫುಟ್ ಸ್ವಿಚ್ಚಿನಿಂದ ಕಾಲು ತೆಗೆದದ್ದೇ ನೆನಪಿಲ್ಲ. ಕನ್ನಡಕ ಹಾಕಿದ್ದೆ, ಏನೂ ಆಗಲಿಲ್ಲ. ಕೈ ಮಾತ್ರ ಹತ್ತು ನಿಮಿಷ ನಡುಗುತ್ತಿತ್ತು.

ಶಬ್ದಕ್ಕೆ ಲೇತಿನ ಯಜಮಾನರು ಮೇಲೆ ಓಡಿ ಬಂದರು. ಮೊದಲು ನನ್ನ ಕೈ ನೋಡಿದರು, ಆಮೇಲೆ ಮಿಷಿನ್ ನೋಡಿದರು.

"ಮಿಲ್ಲಿಂಗ್ ಮಾಡಕ್ಕೆ ಹೋದ್ಯಾ?"

"ಹೂಂ ಯಜಮಾನ್ರೇ. ಅಂಗಡಿಯವ್ರು ಆಗುತ್ತೆ ಅಂದ್ರು."

"ಆ ಚಕ್ಕು ಬರೀ ಟೇಪರ್ ಮೇಲೆ, ಆ ಇಳಿಜಾರು ಕಡ್ಡಿ ಮೇಲೆ, ಕಚ್ಕೊಂಡಿರೋದು ಕಣಮ್ಮಾ. ಮೇಲಿಂದ ಒತ್ತಿದಷ್ಟೂ ಬಿಗಿಯುತ್ತೆ. ಪಕ್ಕದಿಂದ ತಳ್ಳಿ ನಡುಗಿಸಿದ್ರೆ ಬಿಟ್ಕೊಳ್ಳುತ್ತೆ. ಮಿಲ್ಲಿಂಗ್ ಮಿಷಿನ್ನಲ್ಲಿ ಮೇಲಿಂದ ಡ್ರಾಬಾರ್ ಹಾಕಿ ಎಳೆದು ಕಟ್ಟಿರ್ತಾರೆ. ನಿನ್ನ ಡ್ರಿಲ್ಲಲ್ಲಿ ಎಲ್ಲಿದೆ ಅದು?"

ಇಲ್ಲ. ಯಾವ ಬೆಂಚ್ ಡ್ರಿಲ್ಲಿನಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಅದರ ಬೇರಿಂಗುಗಳೂ ಮೇಲಿಂದ ಬರುವ ಒತ್ತಡಕ್ಕೆ ಮಾಡಿದವು. ಇನ್ನೊಂದು, ಡ್ರಿಲ್ ಚಕ್ಕಿನ ಮೂರು ದವಡೆ ಎಂಡ್ ಮಿಲ್ಲಿನ ನುಣುಪಾದ ಗಟ್ಟಿ ಕಡ್ಡಿಯನ್ನು ಸರಿಯಾಗಿ ಹಿಡಿಯುವುದಿಲ್ಲ, ಅದರ ಸುರುಳಿ ಕೆಳಕ್ಕೆ ಎಳೆಯುತ್ತಲೇ ಇರುತ್ತೆ. ಒಂದು ಎರಡು ಸಲ ಆದೀತು. ಆಗಿದೆ ಅನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ಕ್ರಾಸ್ ವೈಸ್ ಕೊಂಡು ಡ್ರಿಲ್ಲನ್ನು ಮಿಲ್ಲಿಂಗ್ ಮಿಷಿನ್ ಮಾಡುತ್ತೇನೆ ಅನ್ನುವವರು ದಯವಿಟ್ಟು ಬೇಡ. ಮಾರುವವರು ಹಾಗೆ ಹೇಳಲೂ ಬಾರದು, ಬೆರಳು ಅವರದಲ್ಲ.

ಪಿನ್ ತೂತುಗಳ ವಿಷಯಕ್ಕೆ ಬಂದರೆ, ಇಲ್ಲಿ ನಾನು ಕೆಲಸದ ಕ್ರಮವನ್ನೇ ಬದಲಾಯಿಸಬೇಕಾಯಿತು. ಹಿಡಿಯ ಎರಡು ಪಕ್ಕದ ಮರವನ್ನು ಹಿಡಿದಿಡಲು ಟ್ಯಾಂಗಿನಲ್ಲಿ ಹಿತ್ತಾಳೆ ಪಿನ್ನು ಬರುವ ಚಾಕುಗಳೂ ಇವೆಯಲ್ಲ, ಅವಕ್ಕೆ ನಾನು ಮೊದಲು ಆಕಾರ ಕತ್ತರಿಸಿ, ಗ್ರೈಂಡ್ ಮಾಡಿ, ಆಮೇಲೆ ತೂತು ಹಾಕುತ್ತಿದ್ದೆ. ಡೊಂಕಾದ ಟ್ಯಾಂಗನ್ನು ಈ ವೈಸಿನಲ್ಲಿ ಹಿಡಿದರೆ ದವಡೆ ಎರಡೇ ಬಿಂದುವಿನಲ್ಲಿ ತಾಗುತ್ತೆ, ಬಿಟ್ ಒತ್ತಿದ ಕೂಡಲೇ ಕೆಲಸ ತಿರುಗುತ್ತೆ. ಹಾಗಾಗಿ ಈಗ ಪಟ್ಟಿ ನೇರವಾಗಿ, ಅಂಗಡಿಯಿಂದ ಬಂದ ಹಾಗೆ ಇರುವಾಗಲೇ ತೂತು ಮೊದಲು. ಎರಡೂ ದವಡೆ ಪೂರ್ತಿ ತಾಗುತ್ತೆ. ಮೂರು ಪಿನ್ನು 32 ಎಂಎಂ ಅಂತರದಲ್ಲಿ ಬೇಕಾ, ಎಂಟೆಂಟು ಸುತ್ತು. ಆ ತೂತುಗಳನ್ನೇ ಗುರುತಾಗಿಟ್ಟುಕೊಂಡು ಆಕಾರ ಬರೆದು ಕತ್ತರಿಸುತ್ತೇನೆ. 5 ಎಂಎಂ ಪಿನ್ನಿಗೆ 5.1ರ ಬಿಟ್. ಬೆಲ್ಟನ್ನು ನಿಮಿಷಕ್ಕೆ 900 ಸುತ್ತಿನ ಹತ್ತಿರದ ಪುಲ್ಲಿಗೆ ಹಾಕಿ, ಕಟಿಂಗ್ ಆಯಿಲ್ ಹನಿಸುತ್ತಾ ಹೋಗುತ್ತೇನೆ. ಇದೆಲ್ಲ ಪೀಣ್ಯಕ್ಕೆ ಹೀಟ್ ಟ್ರೀಟ್‌ಮೆಂಟಿಗೆ ಕಳಿಸುವ ಮುಂಚೆ. 60 ಎಚ್‌ಆರ್‌ಸಿ ಗಡಸಾಗಿ ಬಂದ ಮೇಲೆ ನಮ್ಮ ಹೈಸ್ಪೀಡ್ ಸ್ಟೀಲಿನ (ಎಚ್‌ಎಸ್‌ಎಸ್) ಬಿಟ್ ಅದರ ಮೇಲೆ ಕಿರುಚುವುದು ಬಿಟ್ಟರೆ ಏನೂ ಮಾಡುವುದಿಲ್ಲ.

ಬಿಗಿಯುವಾಗ ಒಂದು ಕಾಯಿಲೆ ಈ ವೈಸಿಗೂ ಇದೆ. ಓಡಾಡುವ ದವಡೆ ಬಿಗಿದಂತೆಲ್ಲ ತುಸು ಮೇಲಕ್ಕೆ ಏಳುತ್ತೆ, ಜೊತೆಗೆ ಕೆಲಸವನ್ನೂ ಎತ್ತುತ್ತೆ. ತೂತು ಓರೆಯಾಗುವುದಕ್ಕೆ ಇಷ್ಟು ಸಾಕು. ಆ ದವಡೆಗೂ ಕೆಲಸಕ್ಕೂ ನಡುವೆ ಒಂದು ದುಂಡು ಕಡ್ಡಿ ಅಡ್ಡ ಇಟ್ಟು ಬಿಗಿದರೆ ಎತ್ತುವುದು ನಿಲ್ಲುತ್ತೆ. ಮೇಲಿಂದ ರಬ್ಬರ್ ಸುತ್ತಿಗೆಯಲ್ಲಿ ಒಂದು ತಟ್ಟು ತಟ್ಟುತ್ತೇನೆ.

ಎತ್ತರ ದೊಡ್ಡ ತೊಂದರೆ. ನನ್ನ ಮಿಷಿನ್ನಿನಲ್ಲಿ ಚಕ್ಕಿನಿಂದ ಟೇಬಲ್ಲಿಗೆ ಹೆಚ್ಚೆಂದರೆ 235 ಎಂಎಂ. ವೈಸಿನಲ್ಲಿ ಕೆಲಸ ಕೂರುವ ಜಾಗ 95 ಎಂಎಂ ಮೇಲಿದೆ. ಬಿಟ್ ಒಂದು 55 ತಿನ್ನುತ್ತೆ. ಉಳಿಯುವುದು 85. ಹಿಡಿಗೆ ಬೀಟೆ ಮರದ 110 ಎಂಎಂ ತುಂಡನ್ನು ನೆಟ್ಟಗೆ ನಿಲ್ಲಿಸಿ ಟ್ಯಾಂಗಿಗೆ ತೂತು ಕೊರೆಯೋಣ ಅಂದರೆ ಹಿಡಿಸುವುದೇ ಇಲ್ಲ. ಅದಕ್ಕೆ ವೈಸ್ ಬಿಚ್ಚಿ ಕೆಳಗಿಡಬೇಕು. 8 ಕಿಲೋವನ್ನು ವಾರಕ್ಕೆರಡು ಸಲ ಎತ್ತಿ ಇಳಿಸುವುದು ಸೊಂಟಕ್ಕೆ ಗೊತ್ತಾಗುತ್ತೆ. ಆದ್ದರಿಂದ ಈಗ ತಿಂಗಳ ಹಿತ್ತಾಳೆ ಕೆಲಸವನ್ನೆಲ್ಲ ಒಂದು ವಾರಕ್ಕೆ, ಮರದ ಕೆಲಸವನ್ನೆಲ್ಲ ಇನ್ನೊಂದು ವಾರಕ್ಕೆ ಹಾಕಿಕೊಂಡಿದ್ದೇನೆ. ಸ್ಲೈಡನ್ನು ಪೂರ್ತಿ ಒಂದು ಕೊನೆಗೆ ಓಡಿಸಿದರೆ ಭಾರಕ್ಕೆ ಟೇಬಲ್ಲೇ ವಾಲುತ್ತೆ, ಅದಕ್ಕೆ ಕೆಳಗೆ ಅಳತೆಗೆ ಕತ್ತರಿಸಿದ ಮರದ ಕಂಬ ಕೊಟ್ಟಿದ್ದೇನೆ.

ದುಡ್ಡಿನ ಲೆಕ್ಕ ಕೇಳುವವರಿಗೆ: ಈ 14 ತಿಂಗಳಲ್ಲಿ 50ಕ್ಕೂ ಹೆಚ್ಚು ಬೋಲ್‌ಸ್ಟರ್ ಮಾಡಿದ್ದೇನೆ. ಜಾಬ್ ವರ್ಕಿಗೆ ಕೊಟ್ಟಿದ್ದರೆ 10,000 ದಾಟುತ್ತಿತ್ತು. ನನಗೆ ಅದಕ್ಕಿಂತ ದೊಡ್ಡದು ಬೆಳಿಗ್ಗೆ ಬೇಕು ಅನ್ನಿಸಿದರೆ ಮಧ್ಯಾಹ್ನಕ್ಕೆ ಸೀಳು ತಯಾರಿರುವುದು. ಬರೀ ಪಿನ್ ಹಾಕಿದ, ಬೋಲ್‌ಸ್ಟರ್ ಇಲ್ಲದ ಚಾಕು ಮಾಡುವವರು ಇದನ್ನು ಕೊಳ್ಳಬೇಕಿಲ್ಲ. 900 ರೂಪಾಯಿಯ ಮಾಮೂಲಿ ಡ್ರಿಲ್ ವೈಸ್, ಒಂದು ಒಳ್ಳೆ ಸೆಂಟರ್ ಪಂಚ್ ಸಾಕು.

ಮಳೆಗಾಲದಲ್ಲಿ ತಗಡಿನ ಶೆಡ್ಡಿನಲ್ಲಿ ಸ್ಲೈಡಿಗೆ ತುಕ್ಕು ಬೇಗ ಹತ್ತುತ್ತೆ. ಸಂಜೆ ಹಿತ್ತಾಳೆ ಚೂರು ಬ್ರಷ್ಷಿನಲ್ಲಿ ಗುಡಿಸಿ ಎಣ್ಣೆ ಸವರಿ ಮುಚ್ಚುತ್ತೇನೆ. ಆಯುಧಪೂಜೆಗೆ ಕುಂಕುಮವನ್ನೂ ದವಡೆಯ ಹೊರಮುಖಕ್ಕೇ ಇಟ್ಟೆ, ಸ್ಲೈಡಿಗೆ ತಾಗಿಸಲಿಲ್ಲ.

ಕೊಳ್ಳಲು ಹೋಗುವವರು ಮೊದಲು ಮನೆಯಲ್ಲಿ ಎರಡು ಅಳತೆ ಬರೆದುಕೊಳ್ಳಿ: ಚಕ್ಕಿನಿಂದ ಟೇಬಲ್ಲಿಗೆ ಎಷ್ಟು, ಟೇಬಲ್ಲಿನ ಸೀಳುಗಳ ನಡುವೆ ಎಷ್ಟು. ಬೆಂಚ್ ಡ್ರಿಲ್ಲಿಗೆ 4 ಇಂಚಿನದೇ ಸಾಕು, 5 ಇಂಚಿನದು ಇನ್ನೂ ಎತ್ತರ, ಇನ್ನೂ ಭಾರ. ಅಂಗಡಿಯಲ್ಲಿ ಇರುವಷ್ಟೂ ಪೀಸನ್ನು ಕೌಂಟರ್ ಮೇಲೆ ಇಡಿಸಿ, ಅವರು ಗೊಣಗಿದರೂ ಪರವಾಗಿಲ್ಲ. ಎರಡೂ ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆಗೆ ಓಡಿಸಿ, ಮಧ್ಯದಲ್ಲಿ ಸಡಿಲವಾಗಿ ಕೊನೆಯಲ್ಲಿ ಹಿಡಿಯುವುದನ್ನು ಬಿಡಿ. ಜಿಬ್ ಸ್ಕ್ರೂಗಳಿಗೆ ಲಾಕ್ ನಟ್ ಇದೆಯಾ ನೋಡಿ. ಒಂದು ಹಾಳೆ ಕಾಗದವನ್ನು ದವಡೆಯ ಎಡ ಕೊನೆ, ಬಲ ಕೊನೆ ಎರಡರಲ್ಲೂ ಬಿಗಿದು ಎಳೆಯಿರಿ, ಎರಡೂ ಕಡೆ ಒಂದೇ ಸಮ ಹಿಡಿಯಬೇಕು. ಕೊನೆಗೆ ಸ್ಕೇಲ್ ಇಟ್ಟು ಹ್ಯಾಂಡಲ್ ಹತ್ತು ಸುತ್ತು ತಿರುಗಿಸಿ ಎಷ್ಟು ಎಂಎಂ ಹೋಯಿತು ಅಂತ ನೋಡಿ. 40 ಬಂದರೆ ನಿಮ್ಮದೂ ನನ್ನದರ ಹಾಗೆ ಸುತ್ತೊಂದಕ್ಕೆ ನಾಲ್ಕು ಎಂಎಂ. ಪಕ್ಕದ ಅಂಗಡಿಯಲ್ಲಿ 3.8ರ ಬಿಟ್ಟು ಎರಡು ತಗೊಂಡೇ ಬಸ್ ಹತ್ತಿ.